ಯಾರ ರಕ್ತ, ಯಾರ ಕಾಯಿಲೆ?

ಷಷ್ಠೀ ವಿಭಕ್ತಿಯ ಪ್ರತ್ಯಯ 'ಅ' ಎಂದು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದವರೇ. ಆಸ್ಪತ್ರೆಯ ಕಾಗದದ ಮೇಲೆ ಅದಕ್ಕೆಷ್ಟು ಬೆಲೆಯಿದೆ ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಹೆರಿಗೆಯಾದ ಮೇಲೆ ಒಬ್ಬರು 'ತಾಯಿ, ಮಗು ಕ್ಷೇಮ. ರಕ್ತದ ಗುಂಪು ಎ ನೆಗೆಟಿವ್' ಎಂದು ಬರೆದಿಟ್ಟು ಮನೆಗೆ ಹೋದರೆನ್ನಿ. ಯಾರ ರಕ್ತ? ತಾಯಿಯದಾದರೆ ಮಗುವಿನ ರಕ್ತವನ್ನೂ ಪರೀಕ್ಷಿಸಬೇಕು. ಮಗುವಿನದು ಪಾಸಿಟಿವ್ ಇದ್ದರೆ, ಸಾಮಾನ್ಯವಾಗಿ 72 ಗಂಟೆಗಳೊಳಗೆ ತಾಯಿಗೆ ಆ್ಯಂಟಿ-ಡಿ ಚುಚ್ಚುಮದ್ದು ಬೀಳಬೇಕು. ರಾತ್ರಿ ಪಾಳಿಗೆ ಬಂದವರು ಅದನ್ನು ಮಗುವಿನ ರಕ್ತವೆಂದು ತಿಳಿದರೆ ಚುಚ್ಚುಮದ್ದು ತಪ್ಪುತ್ತದೆ; ಅಪಾಯ ಮುಂದಿನ ಬಸಿರಿನ ಕೂಸಿಗೆ. ಆದ್ದರಿಂದ 'ತಾಯಿಯ ರಕ್ತ', 'ಮಗುವಿನ ರಕ್ತ' ಎಂದು ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ. 'ಅವರ', 'ಅದರ' ಎಂಬ ಸರ್ವನಾಮಗಳ ಸಹವಾಸ ಬೇಡ. ಪದೇ ಪದೇ ಅದೇ ಮಾತು ಬಂತೆಂದು ಸಂಕೋಚವೇಕೆ? ನೀವು ಬರೆಯುತ್ತಿರುವುದು ಕವಿತೆಯಲ್ಲವಲ್ಲ!

ಕಾಯಿಲೆಗೆ ವೈದ್ಯರ ಹೆಸರಿದ್ದಾಗ ಮಾತ್ರ ಪ್ರತ್ಯಯ ಬಿಡಬಹುದು. 1817ರಲ್ಲಿ ನಡುಕದ ಕಾಯಿಲೆಯನ್ನು ವಿವರಿಸಿದ ಜೇಮ್ಸ್ ಪಾರ್ಕಿನ್ಸನ್ ಅದರ ರೋಗಿಯಲ್ಲ. 'ಪಾರ್ಕಿನ್ಸನ್ ಕಾಯಿಲೆ' ಎಂದರೆ ಸಾಕು. ಇಂಗ್ಲಿಷಿನಲ್ಲೂ ಈಗ ಕೆಲವರು ಹಾಗೇ ಬರೆಯುತ್ತಾರೆ.

ನಮ್ಮ ಮಲೆನಾಡಿನ 'ಮಂಗನ ಕಾಯಿಲೆ'ಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಂಡುಬಂದ ಇದರಿಂದ ಮಂಗಗಳೂ ಸಾಯುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಅಂಟುವುದು ಉಣುಗು ಕಚ್ಚಿದಾಗ. ಮಂಗನದೆಂದರೆ ಉಣುಗು ಮರೆತೇ ಹೋಗುತ್ತದೆ. ಹಳ್ಳಿಯಲ್ಲಿ ಜನರಿಗೆ ಗೊತ್ತಿರುವ ಹೆಸರನ್ನೇ ಹೇಳಿ. ವರದಿಯಲ್ಲಿ 'ಕ್ಯಾಸನೂರು ಕಾಡಿನ ಕಾಯಿಲೆ' ಎಂದು ಬರೆಯಿರಿ.