ಎಲ್ಲಿಂದ ಬಂದೆ ಅಂತ ಕೇಳಿದ ದೇವರು

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

 

ಹುಡುಗರು ನನ್ನ ಕರೆಯೋಕೆ ಬಂದಾಗ ಒಂದು ಷರತ್ತು ಹಾಕಿದರು. "ಅಣ್ಣಾ, ಮತಪ್ರಚಾರ ಆಗಬಾರದು, ಇಲ್ಲಿ ಎಲ್ಲಾ ತರದವರೂ ಇರ್ತಾರೆ" ಅಂದರು. ಒಪ್ಪಿಕೊಂಡೆ. ನಾನೇನು ಪಾಸ್ಟರ್ ಅಲ್ಲ, ಟೈಲರ್. ಆದರೆ ನೀವು ಕೊಟ್ಟ ವಿಷಯ 'ನಮ್ಮ ಗುರುತು'. ನನ್ನ ಗುರುತು ನನಗೆ ಸಿಕ್ಕಿದ್ದು ಯೇಸುಸ್ವಾಮಿಯ ಪ್ರೀತಿಯಲ್ಲಿ. ಅದನ್ನು ಬಿಟ್ಟು ಬೇರೆ ಏನು ಹೇಳಿದರೂ ಸುಳ್ಳು ಹೇಳಿದಂಗೆ. ಹಂಗಾಗಿ ಯಾರನ್ನೂ ಕರೆಯೋಕೆ ಅಲ್ಲ, ನನ್ನ ಕಥೆ ಹೇಳೋಕೆ ನಿಂತಿದೀನಿ.

ನಾವು ಆದೋನಿ ಸೀಮೆಯವರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಬಂದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಕರ್ನೂಲಿಗೆ ಹೋದರೆ "ಕನ್ನಡದವರಾ?" ಅಂತಾರೆ, ಬೆಂಗಳೂರಿಗೆ ಹೋದರೆ "ತೆಲುಗಿನವರಾ?" ಅಂತಾರೆ. ಈ ಎರಡು ಪ್ರಶ್ನೆಗೆ ನಗ್ತಾ ಉತ್ತರ ಹೇಳಬಹುದು. ಮೂರನೇದು ಒಂದೈತಿ, ಅದಕ್ಕೆ ನಗು ಬರಲ್ಲ. "ನೀವು ಯಾರ ಪೈಕಿ?"

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಬೆಂಗಳೂರಿಗೆ ಹೋದೆ. ಬಟ್ಟೆ ಕಾರ್ಖಾನೆಯಲ್ಲಿ ಕೆಲಸ, ಆರು ಜನ ಒಂದೇ ರೂಮು. ಮೊದಲನೇ ವಾರವೇ ಆ ಪ್ರಶ್ನೆ ಬಂತು. ನಾನು ಏನು ಹೇಳಿದೆ ಗೊತ್ತಾ? "ನಾವು ಕ್ರೈಸ್ತರು" ಅಂದೆ. ಸುಳ್ಳಲ್ಲ, ನಮ್ಮ ಅಜ್ಜಿಯ ಕಾಲದಿಂದ ಸಭೆಗೆ ಹೋಗೋರೇ. ಆದರೆ ಆ ದಿನ ಅದು ಸಾಕ್ಷಿ ಆಗಿರಲಿಲ್ಲ, ಪರದೆ ಆಗಿತ್ತು. ಮಾದಿಗರ ಹುಡುಗ ಅನ್ನೋದನ್ನು ಮುಚ್ಚೋಕೆ ಯೇಸುವಿನ ಹೆಸರು ಎಳಕೊಂಡೆ. ಊರಿಂದ ಅಪ್ಪ ನೋಡೋಕೆ ಬರ್ತೀನಿ ಅಂದಾಗ ಬ್ಯಾಡ ಅಂದೆ. ಅವನ ಮಾತು, ಅವನ ಟವೆಲ್ಲು, ಅವನು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಅಲ್ಲೇ ನಿಂತುಬಿಡೋದು, ಇವೆಲ್ಲಾ ನನ್ನ ಹಿಡಿದುಕೊಡ್ತವೆ ಅಂತ ಹೆದರಿಕೆ. ಎರಡು ವರ್ಷ ಅವನನ್ನು ಬರಗೊಡಲಿಲ್ಲ. ಇದನ್ನು ಇಷ್ಟು ಜನರ ಮುಂದೆ ಇವತ್ತೇ ಮೊದಲು ಹೇಳ್ತಿರೋದು.

ಭಾನುವಾರ ಅಲ್ಲೇ ಒಂದು ಸಭೆಗೆ ಹೋಗ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಚಹಾ ಕುಡೀತಾ ಒಬ್ಬ ಹಿರಿಯರು ಬಹಳ ಮೆತ್ತಗೆ ಕೇಳಿದರು, "ಕ್ರೈಸ್ತರಲ್ಲಿ ಯಾವ ಕ್ರೈಸ್ತರಪ್ಪಾ?" ಕಪ್ಪು ಕೈಯಲ್ಲಿ ಅಲ್ಲಾಡಿತು. ಪರದೆ ಹರಿದೋಯ್ತು. ಬಾಬಾಸಾಹೇಬರು ಸಭೆಯೊಳಗಿನ ಜಾತಿ ಬಗ್ಗೆ ಸುಮ್ಮನೆ ಬರೆದಿಲ್ಲ ಅಂತ ಆವತ್ತು ಗೊತ್ತಾಯ್ತು. ನಮ್ಮವರು ಸಭೆಯಲ್ಲಿ ಜಾತಿ ಇಲ್ಲ ಅಂತ ವೇದಿಕೆ ಮೇಲೆ ಹೇಳ್ತಾರೆ. ಮದುವೆ ಸಂಬಂಧ ಹುಡುಕೋವಾಗ, ಮಣ್ಣು ಮಾಡೋ ಜಾಗ ಹುಡುಕೋವಾಗ ಏನಾಗ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಆ ರಾತ್ರಿ ಬೈಬಲ್ ತೆಗೆದೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಆದಿಕಾಂಡ 16ನೇ ಅಧ್ಯಾಯ, ಹಾಗರಳ ಕಥೆ. ಚಿಕ್ಕಂದಿನಿಂದ ಕೇಳಿದ್ದೇ. ಅಬ್ರಾಮ, ಸಾರಯಳ ಮನೆಯ ದಾಸಿ, ಐಗುಪ್ತದವಳು. ಮಕ್ಕಳಿಲ್ಲ ಅಂತ ಯಜಮಾನಿಯೇ ಅವಳನ್ನು ಗಂಡನಿಗೆ ಒಪ್ಪಿಸ್ತಾಳೆ. ಇವಳು ಬಸುರಾದ ಮೇಲೆ ಹೊಟ್ಟೆಕಿಚ್ಚು, ಕಾಟ. ತಡಿಯೋಕಾಗದೆ ಅಡವಿಗೆ ಓಡಿಹೋಗ್ತಾಳೆ. ಆವತ್ತು ಓದುವಾಗ ಒಂದು ಕಣ್ಣಿಗೆ ಬಿತ್ತು. ಆ ಅಧ್ಯಾಯದಲ್ಲಿ ಯಜಮಾನನಾಗಲಿ ಯಜಮಾನಿಯಾಗಲಿ ಒಂದು ಸಲವೂ ಬಾಯಿ ಬಿಟ್ಟು ಅವಳ ಹೆಸರು ಹೇಳಲ್ಲ. "ನನ್ನ ದಾಸಿ", "ನಿನ್ನ ದಾಸಿ", ಇಷ್ಟೇ. ನೀವೇ ಮನೆಗೆ ಹೋಗಿ ತೆಗೆದು ನೋಡಿ. ನಮ್ಮ ಅಜ್ಜಿಯನ್ನು ಗೌಡರ ಮನೆಯಲ್ಲಿ ಐವತ್ತು ವರ್ಷ "ಏಯ್" ಅಂತಲೇ ಕರೆದರು. ಅವಳಿಗೂ ಒಂದು ಹೆಸರಿತ್ತು, ಚಂದದ್ದು.

ಹಾಗರಳ ಹೆಸರು ಹಿಡಿದು ಮೊದಲು ಕರೆಯೋದು ನೀರಿನ ಒರತೆ ಹತ್ತಿರ ಸಿಕ್ಕ ದೇವದೂತ. ಕರೆದು ಎರಡು ಮಾತು ಕೇಳ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗ್ತಿ. ಎರಡನೇದಕ್ಕೆ ಅವಳ ಹತ್ತಿರ ಉತ್ತರ ಇಲ್ಲ. ಮೊದಲನೇದಕ್ಕೆ ಐತಿ, ಯಜಮಾನಿ ಕಾಟಕ್ಕೆ ಓಡಿಬಂದೆ ಅಂತಾಳೆ. ಮುಚ್ಚಿಡಲಿಲ್ಲ. ಆಮೇಲೆ ಅವಳೇ ದೇವರಿಗೆ ಒಂದು ಹೆಸರು ಇಡ್ತಾಳೆ, ನನ್ನನ್ನು ನೋಡುವ ದೇವರು ಅನ್ನೋ ಅರ್ಥದ್ದು. ಅಬ್ರಾಮನಿಗೆ ಸಿಗದ ಭಾಗ್ಯ, ಅವನ ಮನೆಯ ದಾಸಿಗೆ.

ಒಂದು ಮಾತು ಮುಚ್ಚಿಡಬಾರದು. ಅದೇ ದೂತ ಅವಳಿಗೆ ವಾಪಸ್ ಹೋಗು, ಯಜಮಾನಿಗೆ ತಗ್ಗಿ ನಡಿ ಅಂತಲೂ ಹೇಳ್ತಾನೆ. ಇದು ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕೋ ಮುಳ್ಳು. ಅಡವಿಯಲ್ಲಿ ಬಸುರಿ ಹೆಂಗಸು ಬದುಕೋದು ಹೆಂಗೆ ಅಂತ ಕೆಲವರು ವಿವರಣೆ ಕೊಡ್ತಾರೆ. ನನಗೆ ಪೂರಾ ಸಮಾಧಾನ ಇಲ್ಲ. 21ನೇ ಅಧ್ಯಾಯದಲ್ಲಿ ಅವಳು ಮಗನ ಕೈ ಹಿಡಿದು ಆ ಮನೆಯಿಂದ ಹೊರಗೆ ಬೀಳ್ತಾಳೆ, ಮತ್ತೆ ತಿರುಗಿ ಹೋಗಲ್ಲ, ದೇವರು ಅಲ್ಲೂ ಅವಳ ಸಂಗಡ ಇರ್ತಾನೆ. ಅಲ್ಲಿಗೆ ಬಂದ ಮೇಲೆ ನಾನು ಉಸಿರು ಬಿಡ್ತೀನಿ.

ನನಗೆ ತಾಗಿದ್ದು ಆ ಮೊದಲನೇ ಪ್ರಶ್ನೆ. ರೂಮಿನವರು ಕೇಳಿದ್ದೂ ಅದೇ, ಚಹಾ ಕುಡೀತಾ ಹಿರಿಯರು ಕೇಳಿದ್ದೂ ಅದೇ. ಅವರು ಕೇಳಿದ್ದು ನನ್ನನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತು ಮಾಡಿಕೊಳ್ಳೋಕೆ. ದೇವರು ಕೇಳಿದ್ದು ಅವಳ ಸಂಕಟ ಕೇಳೋಕೆ. ಹಂಗಾದರೆ ದೇವರ ಮುಂದೆ ನಾನು ಮಾದಿಗರ ಕೇರಿಯಿಂದ ಬಂದೆ ಅಂತ ಹೇಳಬಹುದು. ಹೇಳಿದೆ. ಚಾಪೆ ಮೇಲೆ ಕುಂತು, ಪಕ್ಕದಲ್ಲಿ ಐದು ಜನ ಮಲಗಿರೋವಾಗ, ಮೆಲ್ಲಗೆ ಹೇಳಿದೆ. ಆಕಾಶ ಏನು ಬಿರಿಯಲಿಲ್ಲ. ಅಳು ಬಂತು, ಅಷ್ಟೇ. ಮಾರನೇ ದಿನ ಅಪ್ಪನಿಗೆ ಬಾ ಅಂತ ಹೇಳಿಕಳಿಸಿದೆ.

ಯೇಸುವನ್ನೇ ನೋಡಿ. ನಜರೇತಿನವನು ಅಂದಾಗ ನತಾನಯೇಲ ಮೂಗು ಮುರಿದ, ಆ ಊರಿಂದ ಒಳ್ಳೇದು ಏನು ಬಂದೀತು ಅಂತ. ಆತ ಆ ಊರಿನ ಹೆಸರು ಬಿಡಲಿಲ್ಲ. ಶಿಲುಬೆ ಮೇಲೆ ಹಾಕಿದ ಹಲಗೆಯಲ್ಲೂ ನಜರೇತು ಅಂತಲೇ ಇತ್ತು, ಅದೂ ಮೂರು ಭಾಷೆಯಲ್ಲಿ, ನಮ್ಮ ಗಡಿ ಊರಿನ ಬೋರ್ಡಿನಂಗೆ. ಸತ್ತು ಎದ್ದ ಮೇಲೂ ಕೈಯಲ್ಲಿನ ಗಾಯ ಹಂಗೇ ಇತ್ತು, ತೋಮನಿಗೆ ಅದನ್ನೇ ತೋರಿಸಿದ. ಗಾಯ ಅಳಿಸಿಕೊಂಡು ಬಾ ಅನ್ನೋ ಪ್ರೀತಿ ಅಲ್ಲ ಅದು.

ಇಷ್ಟು ಹೇಳಿದ ಮೇಲೆ ಸರ್ಕಾರದ ಮಾತೂ ಬರ್ತದೆ, ಬಿಟ್ಟರೆ ನೀವು ಬಿಡಲ್ಲ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೇ ಪ್ಯಾರಾ ಹಿಂದೂಗಳಿಗೆ ಮಾತ್ರ ಅಂತ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ನಮ್ಮನ್ನು, ಮುಸ್ಲಿಮರಾದ ದಲಿತರನ್ನು ಸೇರಿಸಿಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೀತಿದ್ದ ಸೂಸೈ ಅನ್ನೋರು, ಪಕ್ಕದವರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ತನಗೂ ಕೊಡಿ ಅಂತ ಸುಪ್ರೀಂ ಕೋರ್ಟಿನ ತನಕ ಹೋದರು. 1985ರಲ್ಲಿ ತೀರ್ಪಾಯ್ತು. ಕ್ರೈಸ್ತರಾದ ಮೇಲೂ ಅಷ್ಟೇ ತೀವ್ರವಾಗಿ ಹೀನಾಯ ಮುಂದುವರಿದಿದೆ ಅಂತ ಸಾಬೀತಾಗಿಲ್ಲ ಅಂದರು. ಅದೇ ರಸ್ತೆ, ಅದೇ ಚರ್ಮ, ಅದೇ ಸೂಜಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೀರಿ ಅಂತ ವರದಿ ಕೊಟ್ಟಿತು. ನಮ್ಮ ಆಂಧ್ರದಲ್ಲಿ ಕ್ರೈಸ್ತರಾದ ಎಸ್ಸಿಗಳು ಬಿಸಿ-ಸಿ, ಮೀಸಲು ನೂರಕ್ಕೆ ಒಂದು.

ಅದಕ್ಕೇ ನಮ್ಮ ಮನೆಗಳಲ್ಲಿ ಎರಡೆರಡು ಹೆಸರು. ನನಗೂ ಇದ್ದವು. ದಾಖಲೆಯಲ್ಲಿ ಕೇರಿ ದೇವತೆ ಹೆಸರು, ಸಭೆಯಲ್ಲಿ ಒಬ್ಬ ಬಡಗಿಯ ಹೆಸರು. ಹಂಗೆ ಬದುಕೋರನ್ನು ನಾನು ಕಳ್ಳರು ಅನ್ನಲ್ಲ. ಹೊಟ್ಟೆ, ಮಕ್ಕಳ ಓದು, ಇವನ್ನು ಬಲ್ಲವನು ನಾನು. ಸಭೆಯ ಕೆಲವರು ಅಂತಾರೆ, ಅವರ ಮನೆ ಮಕ್ಕಳು ಆಗಲೇ ಓದಿ ಮುಗಿಸಿರ್ತಾರೆ.

ನನ್ನ ಮಗಳು ಇಂಟರ್ ಎರಡನೇ ವರ್ಷ. ಅಲ್ಲೇ ಗೋಡೆಗೆ ಒರಗಿ ನಿಂತಿದಾಳೆ, ಅಪ್ಪ ಏನು ಹೇಳ್ತಾನೋ ಅಂತ ತಲೆ ತಗ್ಗಿಸಿದಾಳೆ. ಕಾಲೇಜಿನ ಅರ್ಜಿ ಮೂರು ದಿನದಿಂದ ನನ್ನ ಹೊಲಿಗೆ ಮಿಷನ್ ಮೇಲೆ ಬಿದ್ದೈತಿ. ಜಾತಿ, ಮತ ಎರಡೂ ಖಾನೆ ಖಾಲಿ. "ಏನು ಬರೀಲಿ ಅಪ್ಪಾ" ಅಂತ ಕೇಳಿದಳು. ನನ್ನ ಅಪ್ಪ ಬೆಂಗಳೂರಿನ ರೂಮಿಗೆ ಬಂದ ಕಥೆ ಹೇಳಿದೆ. ಅವನು ಬಾಗಿಲ ಹೊರಗೇ ನಿಂತಿದ್ದ. ಕೈ ಹಿಡಿದು ಒಳಗೆ ಕರಕೊಂಡು, "ನಮ್ಮಪ್ಪ, ಆದೋನಿ ಕಡೆ, ಮಾದಿಗರು" ಅಂತ ಎಲ್ಲರಿಗೂ ಹೇಳಿದೆ. ಇಬ್ಬರು ಆ ವಾರವೇ ರೂಮು ಬಿಟ್ಟರು, ಮೂವರು ಉಳಿದರು. ಅದರಲ್ಲಿ ಒಬ್ಬ ಆವತ್ತು ಅಪ್ಪನಿಗೆ ಅನ್ನ ಬಡಿಸಿದ. ಮಗಳು ಎಲ್ಲಾ ಕೇಳಿಸಿಕೊಂಡಳು. ಪೆನ್ನು ಅವಳ ಹತ್ತಿರವೇ ಐತಿ.