ಎಳ್ಳು ಮತ್ತು ಅವರೆಯ ಕೊಂಬಿನ ಹುಳು
(ಹಿಡುವಳಿದಾರರ ಮತ್ತು ಗ್ರಾಮದ ಯಜಮಾನರ ಸಭೆಯಲ್ಲಿ ಓದಿದ ಉಪನ್ಯಾಸ)



ಮೈಸೂರು ಸೀಮೆಯ ಬಯಲು ನಾಡಿನಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತಿದ ಎಳ್ಳು ಹೂವಿಗೆ ಬಂದು ನಿಂತಿರುವಾಗ, ಒಂದು ವಾರದ ಹಿಂದೆ ಹಸುರಾಗಿದ್ದ ಹೊಲದಲ್ಲಿ ಅಲ್ಲಲ್ಲಿ ಗಿಡಗಳು ಎಲೆಯಿಲ್ಲದೆ ಬರಿಯ ಕಡ್ಡಿಗಳಾಗಿರುವುದನ್ನು ಅನೇಕ ರೈತರು ಕಂಡಿರುತ್ತಾರೆ. ರಾಗಿಯ ಹೊಲದ ಅಕ್ಕಡಿ ಸಾಲುಗಳಲ್ಲಿರುವ ಅವರೆಯ ಬಳ್ಳಿಗೂ ಇದೇ ಗತಿಯು ಒದಗುವುದುಂಟು. ಹತ್ತಿರ ಹೋಗಿ ನೋಡಿದರೆ ಗಂಡಸಿನ ಬೆರಳಿಗಿಂತ ದಪ್ಪವಾದ, ಕೆಲವು ವೇಳೆ ನಾಲ್ಕು ಅಂಗುಲಕ್ಕೂ ಮೀರಿ ಬೆಳೆದ ಹುಳುವೊಂದು ಕಾಂಡವನ್ನು ಬಿಗಿಯಾಗಿ ಹಿಡಿದು, ತಲೆಯನ್ನು ಮೇಲೆತ್ತಿ ಕದಲದೆ ಕುಳಿತಿರುತ್ತದೆ. ಇದರ ಬಣ್ಣವು ಸಾಮಾನ್ಯವಾಗಿ ಹಸುರು. ಹಳದಿ ಅಥವಾ ಕಂದು ಬಣ್ಣದವೂ ಉಂಟು. ಪಕ್ಕಗಳಲ್ಲಿ ಓರೆಯಾದ ಪಟ್ಟೆಗಳಿರುವುವು. ಬಾಲದ ಕಡೆಯಲ್ಲಿ, ತುದಿ ಬಾಗಿದ ಒರಟಾದ ಕೊಂಬೊಂದಿರುವುದು.

ಬೆಳೆಯನ್ನು ಕೆಡಿಸುವುದು ಹುಳುವೇ ಆದರೂ, ಕೆಡಿಸಲು ಅದಕ್ಕೆ ಅವಕಾಶ ಮಾಡಿಕೊಡುವುದು ಈ ಕೊಂಬಿನ ಮೇಲಿನ ಭಯ. ಕೊಂಬಿನಲ್ಲಿ ವಿಷವಿದೆ, ಚುಚ್ಚಿದರೆ ಕೈ ಬಾಯುತ್ತದೆ ಎಂದು ನಂಬಿ, ಕಳೆ ಕೀಳುವ ಹೆಂಗಸರೂ ಮಕ್ಕಳೂ ಹುಳುವನ್ನು ಕಂಡೊಡನೆ ದೂರ ಸರಿಯುತ್ತಾರೆ. ಮುಟ್ಟಲು ಹೋದರೆ ಅದು ಮೈಯನ್ನು ಅತ್ತಿತ್ತ ಒದರಿ, ದವಡೆಗಳಿಂದ ಟಿಕ್ಕೆಂದು ಶಬ್ದವನ್ನೂ ಮಾಡುವುದರಿಂದ ಭಯವು ಇಮ್ಮಡಿಯಾಗುವುದು ಸಹಜವೇ. ಆದರೆ ಆ ಕೊಂಬು ಮೆದುವಾದ ಒಂದು ಬೆಳವಣಿಗೆಯೇ ಹೊರತು ಮುಳ್ಳಲ್ಲ. ಅದರಲ್ಲಿ ವಿಷವೂ ಇಲ್ಲ, ವಿಷದ ಚೀಲವೂ ಇಲ್ಲ; ಅದು ಚುಚ್ಚಲಾರದು. ಕಂಬಳಿ ಹುಳುವಿನ ರೋಮದಂತೆ ನವೆಯನ್ನುಂಟುಮಾಡುವ ರೋಮವೂ ಇದಕ್ಕಿಲ್ಲ. ಗ್ರಾಮದ ಯಜಮಾನರು ಹತ್ತು ಜನರ ಎದುರಿಗೆ ಒಂದು ಹುಳುವನ್ನು ಅಂಗೈಯ ಮೇಲಿಟ್ಟು ತೋರಿಸಿದರೆ, ಅದರಿಂದಾಗುವ ಪ್ರಯೋಜನವು ನೂರು ಕರಪತ್ರಗಳಿಂದಲೂ ಆಗದು.

ಈ ಹುಳು ಬೆಳೆದು ಪತಂಗವಾಗುತ್ತದೆ. ಗಿಡುಗನಂತೆ ಬಲವಾಗಿಯೂ ವೇಗವಾಗಿಯೂ ಹಾರುವುದರಿಂದ ಈ ಜಾತಿಯ ಪತಂಗಗಳನ್ನು ಇಂಗ್ಲಿಷಿನವರು ಗಿಡುಗ ಪತಂಗಗಳೆಂದು ಕರೆದಿರುತ್ತಾರೆ. ಎಳ್ಳಿನ ಪತಂಗದ ಮುಂದಿನ ರೆಕ್ಕೆಗಳು ಕಪ್ಪು ಮಿಶ್ರವಾದ ಕಂದು, ಹಿಂದಿನವು ಕಪ್ಪು ಪಟ್ಟೆಗಳುಳ್ಳ ಹಳದಿ. ಬೆನ್ನಿನ ಮೇಲೆ ತಲೆಬುರುಡೆಯನ್ನು ಹೋಲುವ ಗುರುತೊಂದಿದೆ. ಇದು ರಾತ್ರಿ ದೀಪಕ್ಕೆ ಬರುವುದುಂಟು. ಕೈಗೆ ಸಿಕ್ಕಿದರೆ ಇಲಿಯಂತೆ ಕೀಚೆಂದು ಕೂಗುತ್ತದೆ. ಬುರುಡೆಯ ಗುರುತು, ಮೇಲೆ ಈ ಕೂಗು. ಇದನ್ನು ಅಪಶಕುನವೆಂದು ತಿಳಿದವರನ್ನು ಹಾಸ್ಯ ಮಾಡುವುದು ಯುಕ್ತವಲ್ಲ. ಯೂರೋಪಿನವರೂ ಇದರ ದಾಯಾದಿಯಾದ ಒಂದು ಪತಂಗವನ್ನು ಸಾವಿನ ದೂತನೆಂದೇ ಬಹುಕಾಲ ನಂಬಿದ್ದರು. ಶಾಸ್ತ್ರಜ್ಞರು ಇಟ್ಟ ಅಕೆರಾಂಷಿಯ ಸ್ಟಿಕ್ಸ್ ಎಂಬ ಹೆಸರಿನಲ್ಲಿಯೂ ಗ್ರೀಕರ ಯಮಲೋಕದ ಎರಡು ನದಿಗಳು, ಎಂದರೆ ಅವರ ವೈತರಣಿಗಳು, ಅಡಗಿವೆ. ವಾಸ್ತವವಾಗಿ ಆ ಕೂಗು, ಗಂಟಲಿನ ಭಾಗದಿಂದ ಗಾಳಿಯನ್ನು ಸೊಂಡಿಲಿನ ಮೂಲಕ ಹೊರದೂಡುವಾಗ ಹುಟ್ಟುವ ಶಬ್ದವೇ ಹೊರತು ಬೇರೆಯಲ್ಲ. ಪತಂಗವು ಕಚ್ಚುವುದೂ ಇಲ್ಲ. ಅದು ಕದಿಯುವುದು ಜೇನನ್ನು. ಇದರ ಸೊಂಡಿಲು ಮೋಟಾಗಿಯೂ ಗಟ್ಟಿಯಾಗಿಯೂ ಇರುವುದರಿಂದ, ರಾತ್ರಿ ಗೂಡನ್ನು ಹೊಕ್ಕು ಎರಿಯನ್ನು ಚುಚ್ಚಿ ತುಪ್ಪವನ್ನು ಹೀರುತ್ತದೆ. ಪೆಟ್ಟಿಗೆಯಲ್ಲಿ ಜೇನು ಸಾಕುವವರು ಬಾಗಿಲ ಸಂದನ್ನು ಜೇನುಹುಳು ಮಾತ್ರ ನುಸುಳುವಷ್ಟು ತಗ್ಗಿಸಿದರೆ ಈ ದಪ್ಪ ಮೈಯ ಕಳ್ಳನು ಒಳಹೋಗಲಾರನು.

ಹೆಣ್ಣು ಪತಂಗವು ಎಲೆಗಳ ಕೆಳಮೈಯಲ್ಲಿ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. 2ರಿಂದ 5 ದಿನಗಳಲ್ಲಿ ಮರಿ ಹೊರಡುತ್ತದೆ. ಇಲ್ಲಿ ರೈತರು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಎಲೆಯ ಬಹುಭಾಗವನ್ನು ಕೊನೆಯ ಪೊರೆ ಕಳಚಿದ ಮೇಲಿನ ಕೆಲವೇ ದಿನಗಳಲ್ಲಿ ತಿನ್ನುತ್ತದೆ. ಆದಕಾರಣ, ಹಾನಿಯು ಕಣ್ಣಿಗೆ ಬೀಳುವ ಹೊತ್ತಿಗೆ ಹುಳುವಿನ ಊಟವು ಮುಗಿಯುತ್ತ ಬಂದಿರುತ್ತದೆ; ಆಮೇಲೆ ರೈತನು ಏನು ಖರ್ಚು ಮಾಡಿದರೂ ಹೋದ ಎಲೆ ಬಾರದು. ರಾತ್ರೋರಾತ್ರಿ ಹುಳು ಬಿದ್ದಿತೆಂಬ ಮಾತು ತಪ್ಪು. ಅದು ಬಹು ದಿನಗಳಿಂದ ಅಲ್ಲಿಯೇ ಇದ್ದಿತು. ಎಲೆಯ ಬಣ್ಣವನ್ನೇ ತಾಳಿದ್ದುದರಿಂದ ಕಾಣಲಿಲ್ಲ.

ಹಾಗಾದರೆ ಮುಂಚೆ ಕಾಣುವ ಬಗೆ ಹೇಗೆ? ಗಿಡವನ್ನು ನೋಡುವುದಕ್ಕೆ ಮೊದಲು ನೆಲವನ್ನು ನೋಡತಕ್ಕದ್ದು. ಹುಳುವಿನ ಹಿಕ್ಕೆಯು ಕಪ್ಪಗೆ, ಗೀರುಗಳುಳ್ಳ ಸಣ್ಣ ಪೀಪಾಯಿಯಂತಿರುತ್ತದೆ. ಬಲಿತ ಹುಳುವಿನದು ಮೆಣಸಿನ ಕಾಳಿಗಿಂತಲೂ ದಪ್ಪ. ಬೆಳಗಿನ ಹೊತ್ತು ಸಾಲುಗಳ ನಡುವೆ ನಡೆಯುತ್ತ, ಹಿಕ್ಕೆ ಬಿದ್ದ ಕಡೆ ನೇರವಾಗಿ ಮೇಲೆ ನೋಡಿದರೆ ಹುಳು ಸಿಕ್ಕುವುದು. ಕಳೆ ಕೀಳುವ ಕಾಲದಿಂದ ಮೊದಲ್ಗೊಂಡು ಕಾಯಿ ಬಲಿಯುವ ತನಕ ನಾಲ್ಕೈದು ದಿನಗಳಿಗೊಮ್ಮೆ ಹೀಗೆ ನೋಡಿ, ಸಿಕ್ಕಿದ ಹುಳುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಹಾಕುವುದೇ ಸಾಕಾದ ಚಿಕಿತ್ಸೆ. ಈ ಹುಳು ಹಿಂಡಾಗಿ ಬೀಳತಕ್ಕದ್ದಲ್ಲ, ಚದರಿ ಇರತಕ್ಕದ್ದು; ಹೀಗಾಗಿ ಕೈಯಿಂದ ಆರಿಸುವುದು ಇದರ ವಿಷಯದಲ್ಲಿ ಸಾಧ್ಯ. ಮಕ್ಕಳ ಕಣ್ಣು ಈ ಕೆಲಸಕ್ಕೆ ದೊಡ್ಡವರ ಕಣ್ಣಿಗಿಂತ ಚುರುಕು. ಒಬ್ಬನು ಮಾತ್ರ ಆರಿಸಿ ನೆರೆಯವನು ಸುಮ್ಮನಿದ್ದರೆ ಪತಂಗವು ಬದುವನ್ನು ದಾಟಿ ಬರುತ್ತದೆ. ಬದನೆ, ಆಲೂಗೆಡ್ಡೆ, ಮಲ್ಲಿಗೆಗಳ ಮೇಲೂ ಇದೇ ಹುಳು ಬದುಕುವುದರಿಂದ ಹಿತ್ತಲನ್ನೂ ನೋಡುವುದೊಳ್ಳೆಯದು.

ಹಿಂದಿನ ಕಾಲದಲ್ಲಿ ಇಂಥ ಹುಳುಗಳಿಗೆ ಸೀಸದ ಆರ್ಸೆನೇಟೆಂಬ ಪಾಷಾಣವನ್ನು ಎರಚುವುದಿತ್ತು. ಅದನ್ನು ಈಗ ಕೈಬಿಟ್ಟಿರುವುದು ಸರಿಯೇ ಆಗಿದೆ. ಸಂಕ್ರಾಂತಿಗೆ ಬೆಲ್ಲದೊಡನೆ ಬೀರುವ ಎಳ್ಳಿನ ಮೇಲೆ ಪಾಷಾಣವೇಕೆ?

ಇದೇ ಕುಲದ ಬೇರೆ ಹುಳುಗಳೂ ಇವೆ. ಎಲ್ಲಕ್ಕೂ ಕೊಂಬಿದ್ದ ಮಾತ್ರಕ್ಕೆ ಎಲ್ಲವೂ ವೈರಿಗಳಲ್ಲ. ಗೆಣಸಿನ ಬಳ್ಳಿಯನ್ನೂ ಉದ್ದು ಹೆಸರುಗಳನ್ನೂ ತಿನ್ನುವುದೊಂದು. ಅದರ ಪತಂಗದ ಹೊಟ್ಟೆಯ ಮೇಲೆ ಗುಲಾಬಿ ಪಟ್ಟೆಗಳಿರುತ್ತವೆ. ಕಾಫಿಯ ಎಲೆಯನ್ನು ತಿನ್ನುವ ಮತ್ತೊಂದರ ಪತಂಗವು ಗಾಜಿನಂತಹ ರೆಕ್ಕೆಯಿಂದ ಹಗಲಿನಲ್ಲಿಯೇ ಹಾರಾಡುವುದರಿಂದ ನೋಡಿದವರು ದುಂಬಿಯೆಂದೇ ಭ್ರಮಿಸುವರು. ಕಣಗಿಲೆ ಮತ್ತು ನಂದಿಬಟ್ಟಲ ಗಿಡಗಳಲ್ಲಿ ಕಣ್ಣಿನಂಥ ನೀಲಿ ಚುಕ್ಕೆಗಳುಳ್ಳ ಹುಳುವಿದ್ದರೆ ಅದರಿಂದ ಬೇಸಾಯಕ್ಕೆ ಯಾವ ನಷ್ಟವೂ ಇಲ್ಲ. ಪರಂಗಿಯ ತೋಟವುಳ್ಳವರಂತೂ ಈ ಕುಲಕ್ಕೆ ಸ್ವಲ್ಪ ಋಣಿಗಳೇ. ಮುಸ್ಸಂಜೆಯಲ್ಲಿ ಗಂಡು ಮರದ ಹೂವಿನ ಪರಾಗವನ್ನು ಹೆಣ್ಣು ಮರಕ್ಕೆ ಒಯ್ಯುವವುಗಳಲ್ಲಿ ಗಿಡುಗ ಪತಂಗಗಳೂ ಸೇರಿವೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬವರು ಈ ಹುಳುಗಳನ್ನು ಸಾಕಿ, ಅವುಗಳ ಮೇವನ್ನೂ ರೂಪಾಂತರವನ್ನೂ ವರ್ಷಗಟ್ಟಲೆ ಬರೆದಿಟ್ಟರು. ಅವರೂ ಸ್ಕಾಟ್ ಎಂಬವರೂ ಕೂಡಿ ಬರೆದ ಗ್ರಂಥವು 1937ರಲ್ಲಿ ಪ್ರಕಟವಾಯಿತು. ಯಾವ ಹುಳು ಯಾವ ಗಿಡದ್ದೆಂದು ತಿಳಿಯಲು ಆ ಗ್ರಂಥವು ದೊಡ್ಡ ಆಧಾರ.

ಇನ್ನು ಪೈರು ಕೊಯ್ದ ಮೇಲಿನ ಕೆಲಸ. ಬಲಿತ ಹುಳು ಗಿಡದಿಂದಿಳಿದು ಮಣ್ಣಿನೊಳಗೆ ಹೊಕ್ಕು, ಹೊಳಪುಳ್ಳ ಕಂದು ಬಣ್ಣದ ಕೋಶವಾಗಿ ಮಲಗುತ್ತದೆ. ಗೆಣಸಿನ ಹುಳುವಿನ ಕೋಶವಾದರೆ ಅದಕ್ಕೆ ಗಿಂಡಿಯ ಹಿಡಿಯಂತೆ ಬಾಗಿದ ಸೊಂಡಿಲಿನ ಒರೆಯಿರುವುದರಿಂದ ಗುರುತು ಸುಲಭ. ಎಳ್ಳು ಕಿತ್ತ ಕೂಡಲೆ, ಹುರುಳಿ ಬಿತ್ತುವುದಕ್ಕೆ ಮೊದಲು, ಹೊಲವನ್ನು ಆಳವಾಗಿ ಉತ್ತರೆ ಈ ಕೋಶಗಳು ಮೇಲಕ್ಕೆ ಬೀಳುವುವು. ನೇಗಿಲಿನ ಹಿಂದೆ ಬರುವ ಕಾಗೆ, ಗೊರವಂಕ, ಬೆಳ್ಳಕ್ಕಿಗಳನ್ನು ಆ ದಿನ ಓಡಿಸಕೂಡದು.

ಆರಿಸುವಾಗ ಕೆಲವು ಹುಳುಗಳ ಮೈಮೇಲೆ ಅಕ್ಕಿಯ ಕಾಳಿನಂತೆ ಬಿಳಿಯ ಸಣ್ಣ ಗೂಡುಗಳು ಅಂಟಿರುವುದು ಕಂಡುಬರಬಹುದು. ಅವುಗಳನ್ನು ಹುಳುವಿನ ಮೊಟ್ಟೆಗಳೆಂದು ತಿಳಿದು ಹೊಸಕುವುದುಂಟು. ಅವು ಮೊಟ್ಟೆಗಳಲ್ಲ, ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಒಂದು ಸಣ್ಣ ಕಣಜದ ಗೂಡುಗಳು. ಅಂಥ ಹುಳುವು ಸಾಯುವುದು ನಿಶ್ಚಯ, ಅದನ್ನು ಡಬ್ಬಿಗೆ ಹಾಕದೆ ಗಿಡದ ಮೇಲೆಯೇ ಬಿಡತಕ್ಕದ್ದು. ಗೂಡುಗಳಿಂದ ಹೊರಟ ಕಣಜಗಳು ಪಕ್ಕದ ಸಾಲಿನ ಹುಳುಗಳನ್ನು ತಾವೇ ಹುಡುಕಿಕೊಳ್ಳುವುವು.