ನರಕೋಶಗಳ ಹುಟ್ಟೂರು
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ವಾಣಿಜ್ಯ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೆ ಮಿದುಳಿನ ಗೊಡವೆ ಏಕೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಊರು ಬಿಟ್ಟು ಮುಂಬಯಿಗೆ ಬಂದು ನೆಲಸಿದ ಸಂಸಾರಗಳಲ್ಲಿ ಮಕ್ಕಳನ್ನು ಕುರಿತು ಒಂದು ಮಾತು ಆಗಾಗ ಏಳುವುದುಂಟು: ಮನುಷ್ಯನನ್ನು ರೂಪಿಸುವುದು ಹುಟ್ಟೇ, ಬೆಳೆದ ನೆಲವೇ? ನಮ್ಮ ನಮ್ಮಲ್ಲಿ ಇದು ತೀರುವ ವಾದವಲ್ಲ. ಆದರೆ ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಒಂದೊಂದು ನರಕೋಶಕ್ಕೇ ಹಾಕಿ ಉತ್ತರ ಪಡೆದಿದ್ದಾರೆ. ಆ ಉತ್ತರ ನಾವು ಎಣಿಸಿದಷ್ಟು ಸರಳವಾಗಿಲ್ಲ.

ವಯಸ್ಕ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವೆಲ್ಲವೂ ಒಂದೇ ಅಚ್ಚಿನವಲ್ಲ. ಕೆಲವು ಗೋಪುರದಂತೆ ಮೇಲೆ ಚೂಪಾಗಿದ್ದು ಉದ್ದನೆಯ ತಂತಿಯನ್ನು ಎಳೆದುಕೊಂಡಿರುತ್ತವೆ. ಕಿರುಮಿದುಳಿನ ಪರ್ಕಿಂಜೆ ಕೋಶಗಳು ಕೊಂಬೆರೆಂಬೆ ಹರಡಿದ ಮರದಂತಿವೆ. ಅವುಗಳ ಮಗ್ಗುಲಲ್ಲಿಯೇ ರಾಗಿಕಾಳನ್ನು ನೆನಪಿಗೆ ತರುವ ಪುಟಾಣಿಗಳಿವೆ. ಕೆಲವು ನೆರೆಯ ಕೋಶಗಳನ್ನು ಕೆರಳಿಸುತ್ತವೆ, ಕೆಲವು ತಣಿಸುತ್ತವೆ. ಇಟಲಿಯ ಗಾಲ್ಜಿ ಕಂಡುಹಿಡಿದ ಬಣ್ಣ ಕಟ್ಟುವ ವಿಧಾನದಿಂದ ಸ್ಪೇನ್ ದೇಶದ ಕಹಾಲ್ ಇವುಗಳನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ಕಂಡು ಕೈಯಾರೆ ಚಿತ್ರಿಸಿದನು. 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು. ಆದರೂ ನರಕೋಶಗಳು ಬಿಡಿಬಿಡಿಯಾದುವೆ, ಒಂದೇ ಬಲೆಯೆ ಎಂಬುದರಲ್ಲಿ ಅವರಿಗೆ ಒಮ್ಮತವಿರಲಿಲ್ಲ. ಸಂಘಸಂಸ್ಥೆಗಳ ವೇದಿಕೆ ಕಂಡವರಿಗೆ ಇದೇನೂ ಆಶ್ಚರ್ಯವಲ್ಲ!

ಇಷ್ಟೊಂದು ಬಗೆಗಳು ಎಲ್ಲಿಂದ ಬಂದುವು? ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಪಿಂಡದ ಬೆನ್ನಿನ ಮೇಲಿರುವ ಒಂದು ಹಾಳೆ ಮಡಿಚಿಕೊಳ್ಳತೊಡಗಿ, 28ನೆಯ ದಿನದ ಸುಮಾರಿಗೆ ಕೊಳವೆಯಾಗಿ ಮುಚ್ಚಿಕೊಳ್ಳುತ್ತದೆ. ಮಿದುಳೂ ಬೆನ್ನುಹುರಿಯೂ ಇದರಿಂದಲೇ ಆಗತಕ್ಕವು. ಕೊಳವೆ ಸರಿಯಾಗಿ ಮುಚ್ಚದಿದ್ದರೆ ಮಗುವಿಗೆ ತೀವ್ರವಾದ ಊನ ಉಂಟಾಗುವುದು. ಇಂತಹ ಮಗು ಹುಟ್ಟಿದಾಗ ಗ್ರಹಣದ ದಿನ ಹೊರಗೆ ಹೋದೆ, ಅದನ್ನು ತಿಂದೆ, ಇದನ್ನು ಮುಟ್ಟಿದೆ ಎಂದು ಬಾಣಂತಿಯನ್ನೇ ದೂರುವವರು ಇಂದಿಗೂ ಇದ್ದಾರೆ. ನಮಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ. 28 ದಿನಗಳೆಂದರೆ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿಯರೆಂಬುದೇ ತಿಳಿಯದ ಕಾಲ. ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಗರ್ಭಧಾರಣೆಗೆ ಮುಂಚಿನಿಂದಲೇ ಕೊಟ್ಟರೆ, ಹಿಂದೆ ಇಂತಹ ಮಗುವನ್ನು ಹೆತ್ತಿದ್ದ ತಾಯಂದಿರಲ್ಲಿ ಈ ಊನ ಮರುಕಳಿಸುವುದು ಶೇಕಡಾ 72ರಷ್ಟು ಕಡಮೆಯಾಗುವುದೆಂದು ಬ್ರಿಟನ್ನಿನ ಮುಂದಾಳುತನದ ಪರೀಕ್ಷೆಯೊಂದು 1991ರಲ್ಲಿ ತೋರಿಸಿತು. ಮಾತ್ರೆಯ ಬೆಲೆಯೂ ಬಹಳ ಕಡಮೆ. ಮದುವೆಯಾದ ನಮ್ಮ ಹೆಣ್ಣುಮಕ್ಕಳು ಈ ವಿಷಯವನ್ನು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳುವುದು ಲೇಸು.

ಇನ್ನು ಕೊಳವೆಯ ಒಳಗೋಡೆ. ಅಲ್ಲಿ ಸಾಲಾಗಿ ನಿಂತ ತಾಯಿಕೋಶಗಳು ಒಡೆದೊಡೆದು ನರಕೋಶಗಳನ್ನು ಹೆರುತ್ತವೆ. ಎಳೆಯ ಕೋಶಗಳು ತಾಯಿಕೋಶದ ನೀಳವಾದ ಎಳೆಯನ್ನೇ ಹಿಡಿದು ಮೇಲಕ್ಕೆ ಹತ್ತುತ್ತವೆ. ಮಿದುಳಿನ ಹೊರಪದರಕ್ಕೆ ಆರು ಅಂತಸ್ತುಗಳಿವೆ. ಯಾರು ಯಾವ ಅಂತಸ್ತಿಗೆ? 1961ರಲ್ಲಿ ಅಮೆರಿಕದ ಆಂಜೆವಿನ್ ಮತ್ತು ಸಿಡ್ಮನ್ ಗಬ್ಬದ ಇಲಿಗಳಿಗೆ ವಿಕಿರಣದ ಗುರುತು ಹಾಕಿದ ಒಂದು ಪದಾರ್ಥವನ್ನು ಕೊಟ್ಟು, ಆ ದಿನ ಹುಟ್ಟಿದ ಕೋಶಗಳು ಕಡೆಗೆ ಎಲ್ಲಿ ನಿಂತುವೆಂದು ಹುಡುಕಿದರು. ಮೊದಲು ಹುಟ್ಟಿದವು ಕೆಳಗಿನ ಅಂತಸ್ತಿನಲ್ಲಿ. ಆಮೇಲೆ ಬಂದವು ಅವನ್ನು ದಾಟಿ ಮೇಲಿನ ಅಂತಸ್ತಿನಲ್ಲಿ. ಗಿರಣಗಾಂವಿನ ಚಾಳಿನಲ್ಲಿ ಮೊದಲು ಬಂದ ಬಾಡಿಗೆದಾರರು ನೆಲದ ಕೋಣೆಗಳನ್ನು ಹಿಡಿದು, ತಡವಾಗಿ ಬಂದವರು ಮೆಟ್ಟಿಲು ಹತ್ತಿದ ಹಾಗೆ. 2015ರಲ್ಲಿ ಬ್ರೆಜಿಲ್‌ನಲ್ಲಿ ಹಬ್ಬಿದ ಝೀಕಾ ರೋಗಾಣು ಈ ತಾಯಿಕೋಶಗಳನ್ನೇ ಹೊಕ್ಕು ಕೆಡಿಸಿತು. ಹುಟ್ಟಬೇಕಾದ ನರಕೋಶಗಳು ಹುಟ್ಟದೆ ಎಷ್ಟೋ ಮಕ್ಕಳ ತಲೆ ಕಿರಿದಾಗಿಯೇ ಉಳಿಯಿತು.

ಹುಟ್ಟಿದ ಹೊತ್ತಿಗೂ ಬಗೆಗೂ ನಂಟಿದೆಯೆಂದಾಯಿತು. ಆ ಹೊತ್ತನ್ನು ಕೋಶಕ್ಕೆ ತಿಳಿಸುವವರು ಯಾರು? ಸ್ಟ್ಯಾನ್‌ಫರ್ಡಿನ ಸೂಸನ್ ಮೆಕಾನೆಲ್ ಅವರ ಪ್ರಯೋಗಶಾಲೆ ಇದಕ್ಕೆ ಸೊಗಸಾದ ಉಪಾಯ ಹೂಡಿತು. ಫೆರೆಟ್ ಎಂಬ ಮುಂಗುಸಿಯಂತಹ ಪ್ರಾಣಿಯ ಎಳೆಯ ಮಿದುಳಿನಿಂದ, ಕೆಳ ಅಂತಸ್ತಿನ ಕೋಶಗಳನ್ನು ಹೆರಲಿದ್ದ ತಾಯಿಕೋಶಗಳನ್ನು ತೆಗೆದು, ಮೇಲಂತಸ್ತು ಕಟ್ಟುತ್ತಿದ್ದ ಬೆಳೆದ ಮಿದುಳಿನಲ್ಲಿ ಇರಿಸಿದರು. 1991ರಲ್ಲಿ ಪ್ರಕಟವಾದ ಫಲ ಹೀಗಿದೆ: ಕೋಶ ಒಡೆಯುವ ಮುನ್ನ ತನ್ನ ವಂಶದ್ರವ್ಯವನ್ನು ನಕಲು ಮಾಡಿಕೊಳ್ಳುತ್ತಿರುವಾಗ ವರ್ಗ ಮಾಡಿದರೆ, ಅದರ ಮಕ್ಕಳು ಸ್ಥಳೀಕರಂತೆ ಮೇಲಂತಸ್ತಿಗೆ ಹೋದುವು. ನಕಲು ಮುಗಿದ ಮೇಲೆ ವರ್ಗ ಮಾಡಿದರೆ, ಅವು ಹುಟ್ಟೂರಿನ ನೇಮದಂತೆ ಕೆಳಗೇ ಇಳಿದುವು. ನಡುವಣ ಅಂತರ ಕೆಲವೇ ಗಂಟೆಗಳು! ಬ್ಯಾಂಕಿನವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ವರ್ಗಾವಣೆಯ ಕಾಗದಕ್ಕೆ ಮೊಹರು ಬೀಳುವವರೆಗೆ ಊರಿನ ಹೆಸರು ಬದಲಾಗಬಹುದು, ಬಿದ್ದ ಮೇಲೆ ಇಲ್ಲ.

ಅದೇ ಪ್ರಯೋಗಶಾಲೆ 1996ರಲ್ಲಿ ತಿರುವುಮುರುವಾಗಿ ಪರೀಕ್ಷಿಸಿತು. ತಡವಾದ ಕೋಶಗಳನ್ನು ಎಳೆಯ ಮಿದುಳಿನಲ್ಲಿಟ್ಟರೆ ಅವು ಹಿಂದಿನ ಬಗೆಗೆ ಮರಳಲಿಲ್ಲ. ಎಳತನದಲ್ಲಿ ಬಗ್ಗುವುದು, ಬಲಿತರೆ ಬಗ್ಗದು ಎಂದು ಬಹುಕಾಲ ನಂಬಲಾಗಿತ್ತು. ಆದರೆ 2019ರಲ್ಲಿ ಜಿನೀವಾದವರು ಇಲಿಗಳಲ್ಲಿ ನೋಡಿದಾಗ, ಒಳಗೋಡೆಗೆ ಅಂಟಿ ನಿಂತ ತಾಯಿಕೋಶಗಳು ಎಳೆಯ ಮಿದುಳಿನಲ್ಲಿ ಮತ್ತೆ ಎಳೆಯವಾಗಿ, ಕೆಳ ಅಂತಸ್ತಿನ ನರಕೋಶಗಳನ್ನು ಹೆತ್ತುವು. ಗೋಡೆಯಿಂದ ದೂರ ಸರಿದ ನಡುತಲೆಮಾರಿನ ಕೋಶಗಳಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ.

ಹಣ್ಣಿನ ನೊಣದ ಲೆಕ್ಕ ಇದಕ್ಕಿಂತ ಕಟ್ಟುನಿಟ್ಟು. ಅಲ್ಲಿ ಹಲವು ತಾಯಿಕೋಶಗಳು ಹಂಚ್‌ಬ್ಯಾಕ್, ಕ್ರುಪೆಲ್, ಪಿಡಿಎಂ, ಕ್ಯಾಸ್ಟರ್ ಎಂಬ ಪ್ರೋಟೀನುಗಳನ್ನು ಸರದಿಯ ಮೇಲೆ ತಯಾರಿಸುತ್ತವೆ. ಯಾವುದರ ಸರದಿಯಲ್ಲಿ ಹುಟ್ಟಿತೋ ಅದರ ಬಗೆ ಆ ನರಕೋಶಕ್ಕೆ. ನೊಣದ ನರಗಳ ಅಭ್ಯಾಸಕ್ಕೆ ನಮ್ಮ ಮುಂಬಯಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದೀಕಿ ಮತ್ತು ವೆರೊನಿಕಾ ರಾಡ್ರಿಗ್ಸ್ ಅವರಂತಹವರು ಒಳ್ಳೆಯ ಅಡಿಪಾಯ ಹಾಕಿದರು. ಆ ಕೆಲಸ ಮುಂದೆ ಬೆಂಗಳೂರಿಗೂ ಹೋಯಿತು. ನಾವು ಇತ್ತ ಬಂದೆವು, ನೊಣಗಳು ಅತ್ತ ಹೋದುವು!

ಕೊನೆಗೆ, ನಮಗೆ ಬಹಳ ಮೆಚ್ಚಾದ ಸಂಗತಿ. ಹೊರಪದರದ ತಣಿಸುವ ನರಕೋಶಗಳು ಅಲ್ಲಿ ಹುಟ್ಟಿದವೇ ಅಲ್ಲ. ಇಲಿಗಳಲ್ಲಿ ಅವು ಮುಮ್ಮಿದುಳಿನ ತಳಭಾಗದಲ್ಲಿ ಹುಟ್ಟಿ, ಮೆಟ್ಟಿಲು ಹತ್ತದೆ ಅಡ್ಡಡ್ಡವಾಗಿ ಬಹುದೂರ ನಡೆದು ಬಂದವು ಎಂದು 1997ರಲ್ಲಿ ಕ್ಯಾಲಿಫೋರ್ನಿಯಾದವರು ತೋರಿಸಿದರು. ಹೊರಪದರದಲ್ಲಿ ಹೆಚ್ಚುಕಡಮೆ ಐದರಲ್ಲೊಂದು ಪಾಲು ಇಂತಹ ವಲಸೆಗಾರರದೇ. ಇವು ಕೊರತೆಯಾದ ಇಲಿಗಳಿಗೆ ಅಪಸ್ಮಾರ ಬರುವುದು ಕಂಡುಬಂದಿದೆ. ತಣಿಸುವ ಕಸುಬನ್ನು ಅವು ಹುಟ್ಟಿದೂರಿನಿಂದಲೇ ತರುತ್ತವೆ. ಆದರೆ ಬಂದವೆಲ್ಲ ಉಳಿಯುವುದಿಲ್ಲ. ಮರಿ ಹುಟ್ಟಿದ ಮೊದಲ ವಾರಗಳಲ್ಲಿ ಹಲವು ಸಾಯುತ್ತವೆ. ಎಷ್ಟು ಬದುಕಬೇಕೆಂಬುದು, ಆ ನೆಲದವೇ ಆದ ಗೋಪುರದಾಕಾರದ ಕೋಶಗಳು ಅವುಗಳೊಡನೆ ಎಷ್ಟು ವ್ಯವಹಾರ ನಡೆಸುತ್ತವೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆಯೆಂದು 2018ರಲ್ಲಿ ತಿಳಿದುಬಂದಿತು.